ಹುಂಜವೋ ಹೇಂಟೆಯೋ? ಜುಟ್ಟು ಬಿಡಿ, ಬೆನ್ನು ನೋಡಿ

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಕ್ಕ, ಅಳಿಯ ಬರುತ್ತಾನೆಂದು ಹಿತ್ತಲಲ್ಲಿದ್ದ ಕೆಂಪು ಜುಟ್ಟಿನ ಜವಾರಿ ಹುಂಜ ಹಿಡಿಸಿದರು. ಕೊಯ್ದು ಹೊಟ್ಟೆ ಸೀಳಿದರೆ ಒಳಗೆ ಹಳದಿ ತತ್ತಿಗಳ ಗೊಂಚಲು. ಥೇಟ್ ನಮ್ಮ ತಿಕೋಟಾ ಕಡೆಯ ದ್ರಾಕ್ಷಿ ಗೊನೆ: ದೊಡ್ಡವು ಬೆಟ್ಟದ ನೆಲ್ಲಿಯಷ್ಟು, ಸಣ್ಣವು ಸಾಸಿವೆಯಷ್ಟು. ಅದರ ಕೆಳಗೆ ಸಿಪ್ಪೆ ಕಟ್ಟಿಕೊಂಡ ತತ್ತಿಯೊಂದು ಹೊರಬೀಳಲು ತಯಾರಾಗಿ ಕೂತಿತ್ತು. "ಯವ್ವಾ, ಜುಟ್ಟು ಅಷ್ಟ ಕೆಂಪಗಿತ್ತಲ್ಲ ತಂಗಿ!" ಎಂದು ಅವರು ನನ್ನ ಮುಖ ನೋಡಿದರು. ತತ್ತಿ ಇಡುವ ಹೊತ್ತಿಗೆ ಬಂದಿತ್ತು ಎಂಬುದಕ್ಕೇ ಅದರ ಜುಟ್ಟು ಕೆಂಪೇರಿದ್ದು.

ಇದರ ಉಲ್ಟಾ ತಪ್ಪು ಇನ್ನೂ ಹೆಚ್ಚು. ಸಂತೆಯಲ್ಲಿ ಆರು "ಹೇಂಟೆ ಮರಿ" ತಂದು, ನಾಲ್ಕು ತಿಂಗಳು ಜೋಳ ಹಾಕಿ, ಒಂದು ನಸುಕಿನಲ್ಲಿ ಆರರಲ್ಲಿ ನಾಲ್ಕು ಕೂಗಿದ್ದು ಕೇಳಿ ಹಾಸಿಗೆಯಲ್ಲಿ ಎದ್ದು ಕೂತವರು ನಮ್ಮ ಓಣಿಯಲ್ಲೇ ಇದ್ದಾರೆ. ಎಂಟು–ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮರಿ ಮಾಡಿಸುವ ಆಸೆಯಿಲ್ಲ, ತತ್ತಿಯಷ್ಟೇ ಬೇಕು ಅನ್ನುವವರಿಗೆ ಆ ಒಂದೂ ಬೇಡ, ಹುಂಜವಿಲ್ಲದೆಯೂ ಹೇಂಟೆ ತತ್ತಿ ಇಡುತ್ತದೆ. ಹುಂಜ ಹೆಚ್ಚಾದರೆ ತಾವು ತಾವೇ ಕಾದಾಡುತ್ತವೆ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತು ಬೋಳು ಮಾಡುತ್ತವೆ. ಅದಕ್ಕೇ ಮೊದಲೇ ಗೊತ್ತಾದರೆ ಒಳ್ಳೆಯದು. ಆದರೆ ಎಷ್ಟು ಮೊದಲು ಎಂಬಲ್ಲೇ ಎಲ್ಲರೂ ಎಡವುವುದು.

ಹಂತ 1: ತತ್ತಿಯೊಡೆದ ದಿನ ಸುಮ್ಮನಿರಿ

ನಮ್ಮ ಕಾಕಾ ಕಾವಿಗೆ ಇಡುವ ಮೊದಲೇ ತತ್ತಿ ಆರಿಸುತ್ತಿದ್ದರು. ಚೂಪು ಇದ್ದರೆ ಹುಂಜ, ದುಂಡಗಿದ್ದರೆ ಹೇಂಟೆ. ತತ್ತಿಯ ಆಕಾರ ಬರುವುದು ಇಡುವ ತಾಯಿಯ ಕೊಳವೆಯಿಂದ. ಚೂಪು ತತ್ತಿ ಇಡುವ ಕೋಳಿ ವರ್ಷವಿಡೀ ಹೆಚ್ಚುಕಡಿಮೆ ಚೂಪಾದದ್ದನ್ನೇ ಇಡುತ್ತದೆ, ಅದರ ಮರಿಗಳಲ್ಲಿ ಎರಡೂ ಇರುತ್ತವೆ. ದಾರಕ್ಕೆ ಉಂಗುರ ಕಟ್ಟಿ ತತ್ತಿಯ ಮೇಲೆ ತೂಗಾಡಿಸುವುದು, ಮರಿಯನ್ನು ಕಾಲು ಹಿಡಿದು ತಲೆಕೆಳಗೆ ಮಾಡಿ ಒದ್ದಾಡುತ್ತದೋ ಇಲ್ಲವೋ ನೋಡುವುದು, ಇವೂ ಅದೇ ಸಾಲಿನವು. ಕಾಲು ಹಿಡಿದು ಎತ್ತಿದ ಮರಿಗೆ ಕುಂಟು ಬಂದದ್ದಷ್ಟೇ ನಾನು ಕಂಡ ಫಲ.

ಹಾಗಾದರೆ ದೊಡ್ಡ ಹ್ಯಾಚರಿಗಳಲ್ಲಿ ಒಂದೇ ದಿನದ ಮರಿಗಳನ್ನು ಹೇಗೆ ಬೇರ್ಪಡಿಸುತ್ತಾರೆ ಎಂದು ಕೇಳುತ್ತೀರಿ. ಎರಡು ದಾರಿ ಹೇಳುತ್ತೇನೆ. ಒಂದು, ಮರಿಯ ಹಿಂಭಾಗ ಹಗುರವಾಗಿ ಒತ್ತಿ ಒಳಗಿನ ಸೂಜಿಮೊನೆಯಷ್ಟು ಗುಬುಟು ನೋಡುವುದು. ಜಪಾನಿನಲ್ಲಿ 1920ರ ದಶಕದಲ್ಲಿ ಬೆಳೆದ ಈ ವಿದ್ಯೆಗೆ ವರ್ಷಗಟ್ಟಲೆ ಕೈ ಪಳಗಬೇಕು. ಕೆಲವು ಹೆಣ್ಣು ಮರಿಗಳಿಗೂ ಸಣ್ಣ ಗುಬುಟು ಇರುವುದರಿಂದ ಪಳಗಿದವರೂ ಆಗಾಗ ತಪ್ಪುತ್ತಾರೆ. ವಿಡಿಯೊ ನೋಡಿ ಮನೆಯಲ್ಲಿ ಒತ್ತಲು ಹೋದರೆ ಮರಿಯ ಕರುಳೇ ಒಡೆದೀತು.

ಇನ್ನೊಂದು, ರೆಕ್ಕೆಯ ಪುಕ್ಕ ನೋಡುವುದು. ಉದ್ದ–ಗಿಡ್ಡ ಎರಡು ಸಾಲಾಗಿದ್ದರೆ ಹೆಣ್ಣು, ಸಮನಾಗಿದ್ದರೆ ಗಂಡು. ಇದು ಸುಳ್ಳಲ್ಲ. ಆದರೆ ಬೇಗ ಪುಕ್ಕ ಬರುವ ತಳಿಯ ಹುಂಜವನ್ನು ತಡವಾಗಿ ಬರುವ ತಳಿಯ ಹೇಂಟೆಗೆ ಬೇಕೆಂದೇ ಕೂಡಿಸಿ ತೆಗೆದ ಮರಿಗಳಲ್ಲಿ ಮಾತ್ರ ಇದು ನಡೆಯುತ್ತದೆ, ಅದೂ ಮೊದಲ ಒಂದೆರಡು ದಿನ. ಅಲ್ಲಿ ಮಗಳಿಗೆ ಬರುವುದು ಅಪ್ಪನ ಗುಣ, ಮಗನಿಗೆ ಅಮ್ಮನದು. ನಮ್ಮ ಹಿತ್ತಲಿನ ಜವಾರಿಗಳ ಲಗ್ನವನ್ನು ಯಾರೂ ಹಾಗೆ ಲೆಕ್ಕ ಹಾಕಿ ಮಾಡಿಸಿಲ್ಲ.

ಸೈಕಲ್ ಮೇಲೆ ಬುಟ್ಟಿ ಕಟ್ಟಿಕೊಂಡು ಓಣಿಗೆ ಬರುವ ಗುಲಾಬಿ, ಹಸಿರು ಬಣ್ಣದ ಮರಿಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅವುಗಳಲ್ಲಿ ಹೆಚ್ಚಿನವು ತತ್ತಿ ತಳಿಯ ಗಂಡು ಮರಿಗಳು. ತತ್ತಿ ಇಡುವುದಿಲ್ಲ, ಮಾಂಸವೂ ಮೈಗೆ ಹತ್ತುವುದಿಲ್ಲ ಎಂದು ಹ್ಯಾಚರಿಗೆ ಬೇಡವಾದವು. ಮಾರುವವನು "ಎಲ್ಲಾ ಹೆಣ್ಣ ಅದಾವ್ರಿ" ಎಂದು ಆಣೆ ಮಾಡಿದರೂ ಮಕ್ಕಳ ಕೈಹಿಡಿದು ಒಳಗೆ ಹೋಗಿ.

ಹಂತ 2: ಮೂರನೇ ವಾರ ಗುರುತು ಹಾಕಿ

ಒಂದೇ ಕಾವಿನ ಮರಿಗಳಲ್ಲಿ ಹೆಣ್ಣಿಗೆ ಬೆನ್ನು, ಬಾಲದ ಪುಕ್ಕ ತುಸು ಬೇಗ ಬರುತ್ತದೆ. ಗಂಡಿನ ಬೆನ್ನು ಬೋಳಾಗಿ, ಬಾಲ ಮೊಂಡಾಗಿ ಕಾಣುತ್ತದೆ. ಇಷ್ಟರ ಮೇಲೆ ಏನನ್ನೂ ತೀರ್ಮಾನಿಸಬೇಡಿ, ಅನುಮಾನದವಕ್ಕೆ ಗುರುತಷ್ಟೇ ಹಾಕಿ. ಕಾಲಿಗೆ ದಾರ, ರಬ್ಬರ್, ಪ್ಲಾಸ್ಟಿಕ್ ಪಟ್ಟಿ ಕಟ್ಟಲೇಬೇಡಿ. ಮರಿಯ ಕಾಲು ವಾರಕ್ಕೊಮ್ಮೆ ದಪ್ಪವಾಗುತ್ತದೆ, ಪಟ್ಟಿ ಚರ್ಮದೊಳಗೆ ಇಳಿಯುತ್ತದೆ. ನಾನು ಬಳಸುವುದು ಅಗ್ಗದ ನೇಲ್ ಪಾಲಿಶ್: ಅನುಮಾನದ ಗಂಡಿಗೆ ನಡುಬೆರಳಿನ ಉಗುರಿಗೆ ಕೆಂಪು. ಕೆದರಿ ಕೆದರಿ ಹತ್ತು ದಿನದಲ್ಲಿ ಹೋಗುತ್ತದೆ, ಮತ್ತೆ ಹಚ್ಚಿದರಾಯಿತು.

ಹಂತ 3: ಆರನೇ ವಾರ ಜುಟ್ಟು

ಒಂದು ಮರಿಯ ಜುಟ್ಟು ನೋಡಿ ಏನೂ ತಿಳಿಯದು. ಒಂದೇ ವಾರ ಹುಟ್ಟಿದವನ್ನು ಸಾಲಾಗಿಟ್ಟು ನೋಡಿ. ಆರರಿಂದ ಎಂಟು ವಾರದಲ್ಲಿ ಗಂಡಿನ ಜುಟ್ಟು ಎತ್ತರವಾಗಿ ಗುಲಾಬಿಯಿಂದ ಕೆಂಪಿಗೆ ತಿರುಗಿರುತ್ತದೆ, ಗದ್ದದ ಕೆಳಗೆ ತೊಗಲು ಜೋತುಬೀಳಲು ಶುರುವಾಗಿರುತ್ತದೆ, ಕಾಲು ದಪ್ಪ. ಹೆಣ್ಣಿನದು ಇನ್ನೂ ಹಳದಿಯಾಗಿ ತಲೆಗೆ ಅಂಟಿಕೊಂಡಿರುತ್ತದೆ.

ಆದರೆ ಅಸೀಲ್ ಎಂಬ ಕಾಳಗದ ತಳಿಯ ಮರಿಗೆ ಜುಟ್ಟೇ ಗಿಡ್ಡ. ಕಡಕನಾಥ ಎಂಬ ಕರಿಕೋಳಿಯದ್ದು ಕಪ್ಪು, ಹಾಗಾಗಿ ಬಣ್ಣ ಬಿಟ್ಟು ಗಾತ್ರ ನೋಡಬೇಕು. ಹೊಟ್ಟೆಯಲ್ಲಿ ಹುಳ ಬಿದ್ದ ಹುಂಜದ ಜುಟ್ಟು ಬಿಳಿಚಿಕೊಂಡು ಹೇಂಟೆಯ ಹಾಗೆಯೇ ಕಾಣುತ್ತದೆ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳು ಬೇಗ ಬೆಳೆಯುವುದರಿಂದ ಅವುಗಳ ಪಕ್ಕದಲ್ಲಿ ಜವಾರಿ ಹುಂಜವನ್ನಿಟ್ಟು ಹೋಲಿಸಬೇಡಿ, ಅದು ಹೆಣ್ಣೆಂದೇ ಕಾಣುತ್ತದೆ. ಐದು ತಿಂಗಳು ದಾಟಿದ ಮೇಲೆ ಜುಟ್ಟನ್ನು ಮರೆತುಬಿಡಿ. ಪಕ್ಕದ ಮನೆಯ ಅಕ್ಕ ಸೋತದ್ದು ಅಲ್ಲೇ.

ಹಂತ 4: ಹನ್ನೊಂದನೇ ವಾರ ಬೆನ್ನು

ಹಗಲು ಅಟ್ಟಾಡಿಸಿ ಹಿಡಿಯಬೇಡಿ. ನಮ್ಮ ಬಿಸಿಲಿಗೆ ಅಂಜಿ ಓಡಿದ ಕೋಳಿ ಅಲ್ಲೇ ಬಾಯಿ ತೆರೆದು ಕೂತುಬಿಡುತ್ತದೆ. ಕತ್ತಲಾಗಿ ಗೂಡು ಸೇರಿದ ಮೇಲೆ ಮೆಲ್ಲಗೆ ಎತ್ತಿಕೊಳ್ಳಿ. ಚಕ್ಕಳಮಕ್ಕಳ ಹಾಕಿ ಕೂತು ತೊಡೆಯ ಮೇಲಿಟ್ಟು, ಅದರ ತಲೆಯನ್ನು ನಿಮ್ಮ ಎಡ ಮೊಣಕೈ ಒಳಗೆ ಸೇರಿಸಿ ಸೆರಗು ಮುಚ್ಚಿ. ಕಣ್ಣಿಗೆ ಕತ್ತಲೆಯಾದರೆ ಕೊಸರಾಡುವುದಿಲ್ಲ. ಎಡಗೈ ಎರಡೂ ರೆಕ್ಕೆಯ ಮೇಲಿರಲಿ. ಮೊಬೈಲ್ ಬೆಳಕು ಹಿಡಿಯಲು ಮನೆಯ ಹುಡುಗರನ್ನು ಕರೆಯಿರಿ.

ನೋಡಬೇಕಾದ ಜಾಗ ಕುತ್ತಿಗೆಯಲ್ಲ. ಕುತ್ತಿಗೆ ಸುಲಭವಾಗಿ ಕಾಣುತ್ತದೆಂದು ಎಲ್ಲರೂ ಅಲ್ಲೇ ನೋಡುತ್ತಾರೆ, ಆದರೆ ಹೇಂಟೆಯ ಕುತ್ತಿಗೆಯ ಪುಕ್ಕವೂ ತುಸು ಚೂಪೇ. ಬೆನ್ನು ಇಳಿದು ಬಾಲ ಏಳುವ ತಗ್ಗು ಇದೆಯಲ್ಲ, ಬಾಲದಿಂದ ಮುಂದಕ್ಕೆ ನಾಲ್ಕು ಬೆರಳು, ಅಲ್ಲಿ ಎರಡೂ ಪಕ್ಕಕ್ಕೆ ಇಳಿಬಿದ್ದ ಪುಕ್ಕ ನೋಡಿ. ಒಂದನ್ನು ತೋರುಬೆರಳಿನ ಮೇಲೆ ಎತ್ತಿಕೊಂಡು ಬೆಳಕು ಬಿಡಿ. ಶೇಂಗಾ ಎಲೆಯಂತೆ ಅಗಲವಾಗಿ, ತುದಿ ದುಂಡಗಿದ್ದರೆ ಹೇಂಟೆಯದು. ಜೋಳದ ಎಲೆಯ ತುದಿಯಂತೆ ಸಪೂರವಾಗಿ ಚೂಪಾಗುತ್ತ ಹೋಗಿ, ಎಣ್ಣೆ ಸವರಿದಂತೆ ಹೊಳೆದು, ಅಂಚು ಎಳೆ ಬಿಟ್ಟ ಬಟ್ಟೆಯಂತಿದ್ದರೆ ಹುಂಜದ್ದು.

ಅವಸರ ಮಾಡುವವರು ಕೆಡಿಸುವುದು ಇಲ್ಲಿ. ಮರಿ ಪುಕ್ಕ ಎರಡಕ್ಕೂ ದುಂಡಗೇ ಇರುತ್ತದೆ. ಹುಂಜದ ಚೂಪು ಪುಕ್ಕ ಒಮ್ಮೆಲೇ ಬರುವುದಿಲ್ಲ, ಹಳೆಯವುಗಳ ನಡುವೆ ಒಂದೊಂದಾಗಿ ಏಳುತ್ತದೆ. ಮೇಲೆ ಕಂಡ ಒಂದು ದುಂಡು ಪುಕ್ಕ ನೋಡಿ "ಹೆಣ್ಣ ಐತಿ" ಅಂದುಬಿಡಬೇಡಿ. ಪುಕ್ಕವನ್ನು ಎದುರು ದಿಕ್ಕಿಗೆ ಸವರಿ, ಬುಡದಲ್ಲಿ ಏಳುತ್ತಿರುವ ಹೊಸವನ್ನು ಹುಡುಕಿ. ಕೆಲವಿನ್ನೂ ಮೇಣದಂಥ ಕೊಳವೆಯೊಳಗೇ ಇರುತ್ತವೆ. ಅವನ್ನು ಕೀಳಬೇಡಿ, ರಕ್ತ ಬರುತ್ತದೆ. ಚೂಪಾಗಿ ಹೊಳೆಯುವವು ಎರಡು–ಮೂರು ಸಿಕ್ಕರೆ ಹುಂಜ, ಮಾತು ಮುಗಿಯಿತು. ಸಿಗದಿದ್ದರೆ ಹೇಂಟೆ ಎಂದಲ್ಲ, ಎರಡು ವಾರ ಬಿಟ್ಟು ಮತ್ತೆ ನೋಡಬೇಕು ಎಂದಷ್ಟೇ. ಹದಿನಾಲ್ಕು ವಾರಕ್ಕೂ ಎಲ್ಲ ಶೇಂಗಾ ಎಲೆಯೇ ಇದ್ದರೆ ನಾನು ಕೆಂಪು ಪಾಲಿಶ್ ಅಳಿಸುತ್ತೇನೆ.

ಕಂದು ಬಣ್ಣದ ಜವಾರಿಗಳಲ್ಲಿ ಇನ್ನೊಂದು ಅನುಕೂಲವಿದೆ: ರೆಕ್ಕೆಯ ಹೆಗಲ ಮೇಲೆ ಕಡುಗೆಂಪು ತೇಪೆ ಎದ್ದರೆ ಅದು ಹುಂಜ. ರೇಷ್ಮೆ ಕೂದಲಿನಂಥ ಸಿಲ್ಕಿ ತಂದವರಿಗೆ ಮಾತ್ರ ನನ್ನ ಬೆನ್ನಿನ ವಿದ್ಯೆ ಉಪಯೋಗವಿಲ್ಲ. ಅದಕ್ಕೆ ಸರಿಯಾದ ಪುಕ್ಕವೇ ಇಲ್ಲ. ಕೂಗುವವರೆಗೆ ಅಥವಾ ತತ್ತಿ ಇಡುವವರೆಗೆ ಕಾಯಬೇಕು.

ಹಂತ 5: ಇನ್ನೂ ಅನುಮಾನವಿದ್ದರೆ

ಎದೆಗೆ ಎದೆ ಕೊಟ್ಟು ಜಗಳಾಡುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ, ಹೆಣ್ಣು ಮರಿಗಳೂ ಆಡುತ್ತವೆ. ಕೂಗಲಿಲ್ಲವೆಂದು ಹೇಂಟೆಯೂ ಅಲ್ಲ, ದೊಡ್ಡ ಹುಂಜವಿರುವ ಹಿತ್ತಲಲ್ಲಿ ಚಿಕ್ಕದು ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡಿರಬಹುದು.

ಐದಾರು ತಿಂಗಳ ಕೆಂಪು ಜುಟ್ಟಿನ ಕೋಳಿ ಕೈಗೆ ಸಿಕ್ಕಿದೆ, ಅಳಿಯ ದಾರಿಯಲ್ಲಿದ್ದಾನೆ ಎಂದುಕೊಳ್ಳಿ. ಅದರ ಹಿಂದೆ ನಿಂತು ಬೆನ್ನ ಮೇಲೆ ಅಂಗೈ ಇಟ್ಟು ಹಗುರವಾಗಿ ಒತ್ತಿ. ತತ್ತಿಗೆ ಬಂದ ಹೇಂಟೆಯಾದರೆ ರೆಕ್ಕೆ ತುಸು ಅಗಲಿಸಿ ಹಾಗೇ ನೆಲಕ್ಕೆ ಕುಕ್ಕರಿಸುತ್ತದೆ. ಆಗ ಅದನ್ನು ಬುಟ್ಟಿಯಡಿ ಬಿಟ್ಟು, ಅಳಿಯನಿಗೆ ಹಿಂಡಿ ಪಲ್ಯ ಮಾಡಿ.