ಅಪ್ಪನ ಜೊತೆ ಕ್ಯಾರಿಬೂ ಬೇಟೆ: ಮೊದಲು ಮಂಡಿ, ಆಮೇಲೆ ಕೊಂಬು

ಕ್ಯಾರಿಬೂ ಅಂದರೆ ಉತ್ತರ ಅಮೆರಿಕದ ಹಿಮಸಾರಂಗ. ಜಿಂಕೆ ಜಾತಿಯಲ್ಲಿ ಹೆಣ್ಣಿಗೂ ಕೊಂಬು ಬರುವುದು ಇದಕ್ಕೆ ಮಾತ್ರ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಕಾಯ್ದೆಯ ನಂತರ ಹವ್ಯಾಸದ ಬೇಟೆ ಮುಗಿದ ಕಥೆ. ಅಲಾಸ್ಕಾದಲ್ಲಿ ಹಾಗಲ್ಲ. ಅಲ್ಲಿ ಲೈಸೆನ್ಸ್ ಪಡೆದು, ಲೆಕ್ಕ ಕೊಟ್ಟು ಬೇಟೆಯಾಡಬಹುದು. ಅಮೆರಿಕದಲ್ಲೇ ನೆಲೆಸಿ, ಬಂದೂಕಿನ ಅಭ್ಯಾಸವಿದ್ದು, ವಯಸ್ಸಾದ ಅಪ್ಪನನ್ನೂ ಕರೆದುಕೊಂಡು ಹೋಗಬೇಕು ಅನ್ನುವವರಿಗೆ ಈ ಲೇಖನ.

ಅಪ್ಪ ಯಾವ ದೇಶದ ಪ್ರಜೆ?

ವಿಮಾನದ ಟಿಕೆಟ್‌ಗಿಂತ ಮೊದಲು ಇದನ್ನು ನೋಡಿ. ಅಮೆರಿಕದ ಪ್ರಜೆಗಳು ಅಲಾಸ್ಕಾದವರಲ್ಲದಿದ್ದರೂ ಗೈಡ್ ಇಲ್ಲದೆ ಕ್ಯಾರಿಬೂ ಬೇಟೆಯಾಡಬಹುದು. ಕಂದು ಕರಡಿ, ಡಾಲ್ ಅನ್ನುವ ಕಾಡುಕುರಿ, ಬೆಟ್ಟದ ಮೇಕೆಗೆ ಮಾತ್ರ ಅವರಿಗೆ ಸಾಮಾನ್ಯವಾಗಿ ಗೈಡ್ ಕಡ್ಡಾಯ. ಆದರೆ ಅಪ್ಪ ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದವರಾದರೆ ಕಾನೂನಿನ ಕಣ್ಣಿಗೆ ವಿದೇಶಿ. ಅವರು ಯಾವ ದೊಡ್ಡ ಪ್ರಾಣಿಯ ಬೇಟೆಗೆ ಹೋದರೂ ನೋಂದಾಯಿತ ಗೈಡ್ ಜೊತೆಗಿರಲೇಬೇಕು. ಅಲ್ಲಿಗೆ ‘ನಾವೇ ಮಾಡಿಕೊಳ್ಳೋಣ’ ಅನ್ನುವ ಯೋಜನೆ ಮುಗಿಯಿತು. ತಾತ್ಕಾಲಿಕ ವೀಸಾದವರಿಗೆ ಬಂದೂಕು ಮುಟ್ಟಲೂ ಅಡ್ಡಿಯಿದೆ. ಬೇಟೆಯ ಲೈಸೆನ್ಸ್ ಇದ್ದರೆ ಮಾತ್ರ ಅದಕ್ಕೆ ವಿನಾಯಿತಿ.

ಹೊರ ರಾಜ್ಯದ ಅಮೆರಿಕನ್ನರಿಗೆ ಲೈಸೆನ್ಸ್ 160 ಡಾಲರ್, ಕ್ಯಾರಿಬೂ ಟ್ಯಾಗ್ (ಒಂದು ಪ್ರಾಣಿ ಹೊಡೆಯಲು ಕೊಳ್ಳುವ ಚೀಟಿ) 650 ಡಾಲರ್. ಅಲಾಸ್ಕಾದ 60 ದಾಟಿದ ನಿವಾಸಿಗಳಿಗೆ ಲೈಸೆನ್ಸ್ ಪುಕ್ಕಟೆ. ಹೊರಗಿನ ಹಿರಿಯರಿಗೆ ಆ ಭಾಗ್ಯವಿಲ್ಲ. ಅಪ್ಪನ ಬದಲು ಮಗ ಹೊಡೆಯುವ ‘ಪ್ರಾಕ್ಸಿ’ ಸೌಲಭ್ಯವೂ ಅಲ್ಲಿನ ನಿವಾಸಿಗಳಿಗೆ ಮಾತ್ರ.

ಒಂದೇ ಪ್ರಾಣಿ, ಅದೂ ಅಪ್ಪನದು

ಇಬ್ಬರೂ ಟ್ಯಾಗ್ ಕೊಳ್ಳುವುದು ಸಾಮಾನ್ಯ. ನಾನು ಬೇಡ ಅನ್ನುತ್ತೇನೆ. ಯಾಕೆಂದು ಲೆಕ್ಕ ಹಾಕಿ ನೋಡಿ.

ಬೆಳೆದ ಗಂಡು 160ರಿಂದ 180 ಕಿಲೋ ತೂಗುತ್ತದೆ. ಕಾನೂನಿನ ಪ್ರಕಾರ ತಿನ್ನಬಹುದಾದ ಮಾಂಸವನ್ನು ಅಲ್ಲೇ ಬಿಟ್ಟು ಬರುವ ಹಾಗಿಲ್ಲ. ನಾಲ್ಕು ಕಾಲಿನದು, ಬೆನ್ನಿನದು, ಕತ್ತು, ಎದೆ, ಪಕ್ಕೆಲುಬಿನ ನಡುವಿನದು, ಎಲ್ಲವೂ ಹೊರಗೆ ಬರಬೇಕು. ಕೆಲವು ವಲಯಗಳಲ್ಲಿ ಕಾಲು ಮತ್ತು ಪಕ್ಕೆಯ ಮಾಂಸವನ್ನು ಎಲುಬಿನ ಸಮೇತವೇ ತರಬೇಕು. ಬಾಡು ಬಿಟ್ಟು ಕೊಂಬು ಮಾತ್ರ ಹೊತ್ತು ಬಂದರೆ ಅದು ಅಪರಾಧ.

ಇಷ್ಟನ್ನೂ ಮೂರು ಹೊರೆ ಮಾಡಿದಿರಿ ಅಂದುಕೊಳ್ಳಿ. ಪ್ರಾಣಿ ಬಿದ್ದದ್ದು ಡೇರೆಯಿಂದ 3 ಕಿಲೋಮೀಟರ್ ದೂರ. ಮೂರು ಸಲ ಹೊತ್ತು ಬರಬೇಕು, ನಡುವೆ ಎರಡು ಸಲ ಬರಿಗೈಯಲ್ಲಿ ಹೋಗಬೇಕು. ಒಟ್ಟು 15 ಕಿಲೋಮೀಟರ್. ಅದೂ ಟಂಡ್ರಾ ಅನ್ನುವ ಮರವಿಲ್ಲದ ಶೀತ ಬಯಲಿನ ಮೇಲೆ. ಅಲ್ಲಿ ಹುಲ್ಲು ತಲೆ ಗಾತ್ರದ ಗುಪ್ಪೆಗಳಾಗಿ ಬೆಳೆದಿರುತ್ತದೆ. ಮೇಲೆ ಕಾಲಿಟ್ಟರೆ ಅಲುಗಾಡುತ್ತದೆ, ನಡುವೆ ಇಟ್ಟರೆ ನೀರು. ಗಂಟೆಗೆ ಒಂದೂವರೆ ಕಿಲೋಮೀಟರ್ ನಡೆದರೆ ಅದೇ ದೊಡ್ಡದು. ಅಂದರೆ ಒಂದು ಪ್ರಾಣಿಗೆ ಹತ್ತು ಗಂಟೆ. ಹೊರುವವರು ಯಾರು? ಅಪ್ಪನ ಬೆನ್ನಿಗೆ ಇದನ್ನು ಹಾಕುವ ಹಾಗಿಲ್ಲ, ಅಲ್ವಾ? ಎರಡು ಪ್ರಾಣಿ ಬಿದ್ದರೆ ನಿಮ್ಮೊಬ್ಬರ ಬೆನ್ನಿಗೆ 33 ಕಿಲೋಮೀಟರ್.

ಹಾಗಾಗಿ ಗುರಿ ಅಪ್ಪನದು, ಹೊರೆ ನಿಮ್ಮದು. ಡೇರೆಯಿಂದ ಎಷ್ಟು ದೂರದ ಪ್ರಾಣಿಗೆ ಗುಂಡು ಹೊಡೆಯಬಹುದು ಅನ್ನುವುದನ್ನು ಹೊರುವವರು ತೀರ್ಮಾನಿಸಬೇಕು. ಒಂದೂವರೆ ಕಿಲೋಮೀಟರ್ ದಾಟಿದರೆ ಬೇಡ ಅಂತ ಹೊರಡುವ ಮೊದಲೇ ಇಬ್ಬರೂ ಒಪ್ಪಿಕೊಳ್ಳಿ. ಅಲ್ಲಿ ಹೋಗಿ ದೊಡ್ಡ ಕೊಂಬು ಕಣ್ಣಿಗೆ ಬಿದ್ದ ಮೇಲೆ ಈ ಮಾತು ನಡೆಯುವುದಿಲ್ಲ.

ರಸ್ತೆಯೋ, ವಿಮಾನವೋ?

ಕಡಿಮೆ ಖರ್ಚಿನ ದಾರಿ ಡಾಲ್ಟನ್ ಹೆದ್ದಾರಿ. ತೈಲ ಕೊಳವೆ ಹಾಕಲು 1974ರಲ್ಲಿ ಮಾಡಿದ 666 ಕಿಲೋಮೀಟರಿನ ರಸ್ತೆ ಇದು. ದಾರಿ ನಡುವಿನ ಕೋಲ್ಡ್‌ಫುಟ್ ಬಿಟ್ಟರೆ ಉತ್ತರದ ತುದಿಯ ಡೆಡ್‌ಹಾರ್ಸ್‌ವರೆಗೆ ಸುಮಾರು 386 ಕಿಲೋಮೀಟರ್ ಪೆಟ್ರೋಲ್ ಬಂಕ್ ಇಲ್ಲ. ಕಾರಿನ ಪಕ್ಕದಲ್ಲೇ ಮಲಗಬಹುದು ಅನ್ನುವುದು ಅಪ್ಪಂದಿರಿಗೆ ದೊಡ್ಡ ಅನುಕೂಲ. ಆದರೆ ಯೂಕಾನ್ ನದಿಯಿಂದ ಉತ್ತರಕ್ಕೆ ರಸ್ತೆಯ ಎರಡೂ ಬದಿ 8 ಕಿಲೋಮೀಟರ್ ಒಳಗೆ ಬಂದೂಕಿನ ಬೇಟೆ ನಿಷಿದ್ಧ. ಬಿಲ್ಲು ಬಾಣ ಮಾತ್ರ. ಅದಕ್ಕೂ ತರಬೇತಿಯ ಸರ್ಟಿಫಿಕೇಟ್ ಬೇಕು, ಬಿಲ್ಲಿನ ಬಿಗಿ ಕನಿಷ್ಠ 40 ಪೌಂಡ್ ಇರಬೇಕು. ಭುಜ ನೋಯುವ ಅಪ್ಪನಿಗೆ ಅದನ್ನು ಎಳೆಯಲು ಆಗುತ್ತದೆಯೇ ಅಂತ ಮನೆಯಲ್ಲೇ ನೋಡಿಕೊಳ್ಳಿ. ಬಂದೂಕು ಹಿಡಿದು 8 ಕಿಲೋಮೀಟರ್ ಒಳಗೆ ನಡೆಯುವ ಯೋಚನೆಯನ್ನು ಮೇಲಿನ ಲೆಕ್ಕ ಓದಿದವರು ಮಾಡುವುದಿಲ್ಲ.

ಬಂದೂಕೇ ಬೇಕೆಂದರೆ ಸಣ್ಣ ವಿಮಾನ. ಟ್ರಾನ್ಸ್‌ಪೋರ್ಟರ್ ಲೈಸೆನ್ಸ್ ಇರುವವರು ನಿಮ್ಮನ್ನು ಬಿಟ್ಟು ಬರುತ್ತಾರೆ, ಕರೆದು ತರುತ್ತಾರೆ. ಬೇಟೆಗೆ ಅವರು ಸಹಾಯ ಮಾಡುವಂತಿಲ್ಲ. ಬುಕ್ ಮಾಡುವಾಗ ಅವರಿಗೆ ಅಪ್ಪನ ವಯಸ್ಸು, ಮಂಡಿಯ ಸ್ಥಿತಿ ಮುಚ್ಚುಮರೆಯಿಲ್ಲದೆ ಹೇಳಿ. ಒಣ ನೆಲ, ಪಕ್ಕದಲ್ಲೇ ಎತ್ತರದ ದಿಣ್ಣೆ ಇರುವ ಕಡೆ ಇಳಿಸಿ ಅಂತ ಕೇಳಿ. ಕೂತಲ್ಲೇ ಬೈನಾಕ್ಯುಲರ್ ಹಿಡಿದು ಹಿಂಡು ಹುಡುಕಬಹುದಾದ ಜಾಗ ಸಿಕ್ಕರೆ ಅರ್ಧ ಕೆಲಸ ಆದಂತೆ. ಇಳಿದ ದಿನ ಗುಂಡು ಹಾರಿಸಬೇಡಿ. ಸಾಮಾನ್ಯ ನಿಯಮದ ಪ್ರಕಾರ ಮರುದಿನ ಬೆಳಗಿನ ಜಾವ 3 ಗಂಟೆಯವರೆಗೆ ಬೇಟೆ ಇಲ್ಲ.

ಯಾವ ಹಿಂಡು ಅನ್ನುವುದನ್ನು ಅಲಾಸ್ಕಾದ ಮೀನು ಮತ್ತು ಬೇಟೆ ಇಲಾಖೆಯ ಆ ವರ್ಷದ ನಿಯಮ ಪುಸ್ತಕ ನೋಡಿಯೇ ತೀರ್ಮಾನಿಸಿ. ಹಳೆಯ ವಿಡಿಯೊ ನಂಬಬೇಡಿ. ಪಶ್ಚಿಮ ಆರ್ಕ್ಟಿಕ್ ಹಿಂಡಿನಲ್ಲಿ 2003ರಲ್ಲಿ ಸುಮಾರು 4.9 ಲಕ್ಷ ಪ್ರಾಣಿಗಳಿದ್ದವು. 2023ಕ್ಕೆ 1.52 ಲಕ್ಷಕ್ಕೆ ಇಳಿದಿವೆ. ಅಲ್ಲಿನ ಮೂಲನಿವಾಸಿ ಇನುಪಿಯಾಟ್ ಜನರಿಗೆ ಇದು ಹವ್ಯಾಸವಲ್ಲ, ಚಳಿಗಾಲದ ಊಟ. ಹಾಗಾಗಿ ಹೊರಗಿನವರಿಗೆ ಕೆಲವು ಕಡೆ ಬಾಗಿಲು ಮುಚ್ಚಿದೆ, ಅದು ಸರಿಯೂ ಹೌದು. ಹಿಂಡಿನ ಮುಂದಾಳುಗಳನ್ನು ದಾಟಲು ಬಿಡಬೇಕು ಅನ್ನುವುದು ಅಲ್ಲಿನ ಹಿರಿಯರ ಕಟ್ಟಳೆ. ನೀವೂ ಪಾಲಿಸಿ.

ತಿಂಗಳು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್ ಮೊದಲ ವಾರ ಇರಲಿ. ಸೆಪ್ಟೆಂಬರ್ ಕೊನೆಗೆ ಗಂಡುಗಳಿಗೆ ಬೆದೆ ಶುರುವಾಗುತ್ತದೆ. ಆಮೇಲೆ ಆ ಮಾಂಸದ ನಾತಕ್ಕೆ ಯಾವ ಮಸಾಲೆಯೂ ಸಾಲದು.

ಚೀಲದಲ್ಲಿ ಏನಿರಬೇಕು

ಸಣ್ಣ ವಿಮಾನದಲ್ಲಿ ಕಿಲೋ ಲೆಕ್ಕ ಬಿಗಿ. ಆದರೂ ಎರಡು ಸಾಮಾನು ಬಿಡಬೇಡಿ: ಮಡಚುವ ಮಂಚ ಮತ್ತು ಬೆನ್ನು ಆನಿಸುವ ಕುರ್ಚಿ. ಎಪ್ಪತ್ತು ದಾಟಿದವರಿಗೆ ನೆಲದಿಂದ ಏಳುವುದೇ ಬೆಟ್ಟ ಹತ್ತುವ ಕೆಲಸ. ರಾತ್ರಿ ಮೂತ್ರಕ್ಕೆ ಏಳುವವರಿಗೆ ಅಗಲ ಬಾಯಿಯ ಬಾಟಲಿ ಇರಲಿ. ಕರಡಿ ಓಡಾಡುವ ಜಾಗದಲ್ಲಿ ಕತ್ತಲಲ್ಲಿ ಹೊರಗೆ ಹೋಗುವುದಕ್ಕಿಂತ ಇದು ಮೇಲು. ಕೇಳಲು ಸಂಕೋಚ ಪಡುತ್ತಾರೆ, ಸುಮ್ನೆ ನೀವೇ ಚೀಲಕ್ಕೆ ಹಾಕಿ.

ಮಾತ್ರೆಗಳನ್ನು ಎರಡು ಚೀಲದಲ್ಲಿ ಹಂಚಿಡಿ. ಮೋಡ ಕವಿದರೆ ವಿಮಾನ ಹೇಳಿದ ದಿನ ಬರುವುದಿಲ್ಲ, ಮೂರ್ನಾಲ್ಕು ದಿನ ಜಾಸ್ತಿ ಆಗಬಹುದು. ಔಷಧಿ, ಊಟ ಎರಡೂ ಅಷ್ಟು ಹೆಚ್ಚಿಗೆ ಬೇಕು. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುತ್ತದೆ, ರಾತ್ರಿ ಅದು ಮಲಗುವ ಚೀಲದೊಳಗೆ ಇರಲಿ. ಫೋನ್ ಸಿಗ್ನಲ್ ಇರುವುದಿಲ್ಲ. ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬೇಕೇ ಬೇಕು. ಅದರ ಗುಂಡಿ ಒತ್ತುವುದು ಅಪ್ಪನಿಗೂ ಗೊತ್ತಿರಲಿ, ಬೀಳುವವರು ನೀವೇ ಆಗಿರಬಹುದು. ಕರಡಿ ಸ್ಪ್ರೇ ಮತ್ತು ಒಲೆಯ ಗ್ಯಾಸನ್ನು ಪ್ರಯಾಣಿಕರ ವಿಮಾನದಲ್ಲಿ ಒಯ್ಯುವಂತಿಲ್ಲ. ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಊರಿನಲ್ಲಿ ಕೊಳ್ಳಿ.

ಬಂದೂಕಿಗೆ .308 ಅಥವಾ 6.5 ಕ್ರೀಡ್‌ಮೂರ್ ಅಳತೆಯ ಗುಂಡು ಧಾರಾಳ ಸಾಕು. ಭುಜಕ್ಕೆ ಒದೆ ಕಡಿಮೆ. ಕೂತು, ಊರುಗೋಲಿನ ಮೇಲೆ ನಳಿಕೆ ಇಟ್ಟು ಹೊಡೆಯುವುದನ್ನು ಬೇಸಿಗೆಯಿಡೀ ಅಭ್ಯಾಸ ಮಾಡಿಸಿ. 200 ಮೀಟರ್ ಮೀರುವುದು ಬೇಡ.

ಬಿದ್ದ ಮೇಲೆ

ಚರ್ಮ ಬೇಗ ಬಿಡಿಸಿ, ಮಾಂಸ ತಣ್ಣಗಾಗಲಿ. ಕೈಗವಸು ಹಾಕಿಕೊಳ್ಳಿ. ಆರ್ಕ್ಟಿಕ್ ಹಿಂಡುಗಳಲ್ಲಿ ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ರೋಗಾಣು ಇರುತ್ತದೆ. ಕೀಲು ಊದಿದ ಪ್ರಾಣಿ ಕಂಡರೆ ಹೊಡೆಯಲೇಬೇಡಿ. ಅಪ್ಪ ಕಾಲು ಹಿಡಿದು ಕೊಡಲಿ, ಕರಡಿ ಬರುತ್ತದೆಯೇ ಅಂತ ಕಣ್ಣಿಟ್ಟಿರಲಿ, ಕುಯ್ಯುವುದು ನೀವು. ಗಾಳಿಯಾಡುವ ಬಟ್ಟೆ ಚೀಲಕ್ಕೆ ತುಂಬಿ, ಡೇರೆಯಿಂದ ನೂರು ಮೀಟರ್ ಆಚೆ, ಕೂತಲ್ಲಿಂದ ಕಾಣುವ ಹಾಗೆ ನೆರಳಲ್ಲಿಡಿ. ಪ್ಲಾಸ್ಟಿಕ್ ಬೇಡ, ಬೆವರಿ ಹಳಸುತ್ತದೆ. ಮನೆಗೆ ಬಂದ ಮೇಲೆ ಅರೆಬೆಂದದ್ದು ತಿನ್ನಬೇಡಿ. ಕೊಬ್ಬು ಕಡಿಮೆ ಇರುವ ಮಾಂಸ, ಕುಕ್ಕರ್‌ನಲ್ಲಿ ಚೆನ್ನಾಗಿ ಬೇಯಿಸಿ.