ಪಕ್ಕಪಕ್ಕ ಎರಡು ಲೋಟ

ಯಾವ ವಿಸ್ಕಿ ಹೇಗಿದೆ ಅಂತ ತಿಳಿಯಲು ಮನೆಯಲ್ಲಿ ಹತ್ತು ಬಾಟಲಿ ಇರಬೇಕಾಗಿಲ್ಲ. ಎರಡು ಸಾಕು. ಆದರೆ ಎರಡನ್ನೂ ಒಂದೇ ಹೊತ್ತಿನಲ್ಲಿ ನೋಡಬೇಕು. ಈ ಶನಿವಾರ ಒಂದು ಬ್ರ್ಯಾಂಡು, ಮುಂದಿನ ಶನಿವಾರ ಇನ್ನೊಂದು ಕುಡಿದು "ಹೋದ ವಾರದ್ದೇ ಚೆನ್ನಾಗಿತ್ತು" ಅನ್ನುವವರ ಮಾತು ನಂಬಬೇಡಿ. ಹೋದ ವಾರ ಏನು ತಿಂದಿದ್ದರೋ, ಎಷ್ಟು ಸೋಡಾ ಸುರಿದಿದ್ದರೋ, ಆವತ್ತು ಆರ್‌ಸಿಬಿ ಗೆದ್ದಿತ್ತೋ ಸೋತಿತ್ತೋ, ಯಾರಿಗೆ ಗೊತ್ತು? ರುಚಿ ನೆನಪಿನಲ್ಲಿ ಅಷ್ಟು ದಿನ ನಿಲ್ಲುವುದಿಲ್ಲ. ಪಕ್ಕಪಕ್ಕ ಇಟ್ಟಾಗ ಮಾತ್ರ ಒಂದರ ಗುಣ ಇನ್ನೊಂದರಿಂದ ಗೊತ್ತಾಗುತ್ತದೆ. ಇನ್ನೂ ಒಂದು ಮಾತು. ಎರಡೂ ಲೋಟದ ನಡುವೆ ಆದಷ್ಟು ಒಂದೇ ಒಂದು ವ್ಯತ್ಯಾಸ ಇರಲಿ. ಎಲ್ಲವೂ ಬೇರೆಬೇರೆ ಆದರೆ ಯಾವುದರಿಂದ ಏನಾಯಿತು ಅಂತ ಹೇಳುವುದು ಹೇಗೆ?

ಮೊದಲು ಅಳತೆ. ಬಾರಿನಲ್ಲಿ ಸ್ಮಾಲ್ ಅಂದರೆ 30 ಎಂಎಲ್, ಲಾರ್ಜ್ ಅಂದರೆ 60. ಹೋಲಿಸಿ ನೋಡುವ ದಿನ ಒಂದೊಂದು ಲೋಟಕ್ಕೆ 15 ಎಂಎಲ್ ಬೇಕಾದಷ್ಟಾಯಿತು. ಕೆಮ್ಮಿನ ಸಿರಪ್ ಬಾಟಲಿ ಮೇಲೆ ಗೆರೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಬರುತ್ತದಲ್ಲ, ಅಳೆಯಲು ಅದು ಬಹಳ ಅನುಕೂಲ. ಬಿಸಿನೀರು, ಸೋಪು ಹಾಕಿ ತೊಳೆದು ಒಂದು ದಿನ ಬಿಸಿಲಿಗಿಡಿ. ಇಲ್ಲದಿದ್ದರೆ ಎಂಥ ದುಬಾರಿ ಸ್ಕಾಚೂ ಕೆಮ್ಮಿನ ಔಷಧಿ ವಾಸನೆ ಹೊಡೆಯುತ್ತದೆ. ಈ ಲೆಕ್ಕದಲ್ಲಿ ನಾಲ್ಕು ಬಗೆ ನೋಡಿದರೂ ಒಂದು ಲಾರ್ಜ್‌ಗೆ ಮುಗಿಯಿತು. ಮೂರನೆಯ ಲಾರ್ಜ್ ಹೊತ್ತಿಗೆ ಎಲ್ಲ ವಿಸ್ಕಿಯೂ ಒಳ್ಳೆಯದೇ, ಎದುರು ಕೂತವರೆಲ್ಲ ಒಳ್ಳೆಯವರೇ. ಆಮೇಲೆ ಹೋಲಿಸುವುದೇನು ಬಂತು?

ಸ್ಟೀಲ್ ಲೋಟ ಬೇಡ. ಅಗಲ ಬಾಯಿಯ ಗಾಜಿನ ಟಂಬ್ಲರು ಐಸ್ ಹಾಕಿ ಕುಡಿಯಲು ಸರಿ, ಮೂಸಿ ನೋಡಲು ಸರಿಯಲ್ಲ. ಪರಿಮಳ ಎಲ್ಲಾ ಕಡೆ ಹರಡಿಹೋಗುತ್ತದೆ. ಕೆಳಗೆ ಹೊಟ್ಟೆ, ಮೇಲೆ ಸಣ್ಣ ಬಾಯಿ ಇರುವ ಲೋಟ ಬೇಕು. ಸ್ಕಾಟ್ಲೆಂಡಿನಲ್ಲಿ ಇದಕ್ಕೆಂದೇ ಮಾಡಿದ ಗ್ಲೆನ್‌ಕೇರ್ನ್ ಗ್ಲಾಸ್ ಈಗ ಇಲ್ಲೂ ಸಿಗುತ್ತದೆ. ಇಲ್ಲದಿದ್ದರೆ ಚಿಕ್ಕ ವೈನ್ ಗ್ಲಾಸೇ ಸಾಕು, ಸುಮ್ನೆ ದುಡ್ಡು ಹಾಕಬೇಡಿ. ವಿಸ್ಕಿ ಸುರಿಯುವ ಮುಂಚೆ ಖಾಲಿ ಲೋಟವನ್ನು ಒಮ್ಮೆ ಮೂಸಿ. ಪೇಪರ್ ಹಾಸಿದ ಕಪಾಟಿನಲ್ಲಿ ಬೋರಲು ಹಾಕಿಟ್ಟ ಲೋಟಕ್ಕೆ ಮುಗ್ಗಲು ವಾಸನೆ ಹತ್ತಿರುತ್ತದೆ. ಪಾತ್ರೆ ಒರೆಸುವ ಬಟ್ಟೆಯಿಂದಲೂ ವಾಸನೆ ಬರುತ್ತದೆ. ಬರೀ ನೀರಲ್ಲಿ ಜಾಲಿಸಿ, ಹಾಗೇ ಆರಲು ಬಿಡಿ.

ಮನೆಯ ವಾಸನೆಗಳನ್ನೂ ನೋಡಿಕೊಳ್ಳಿ. ಒಳಗೆ ಇಂಗಿನ ಒಗ್ಗರಣೆ ಬಿದ್ದ ಮೇಲೆ ವಿಸ್ಕಿ ಮೂಸಿ ಪ್ರಯೋಜನವಿಲ್ಲ. ದೇವರ ಮನೆಯ ಊದುಬತ್ತಿ, ಸೊಳ್ಳೆ ಬತ್ತಿ, ಕೈಗೆ ಹಚ್ಚಿದ ಸ್ಯಾನಿಟೈಸರ್, ಎಲ್ಲವೂ ಅಡ್ಡ ಬರುತ್ತವೆ. ರಾತ್ರಿ ಅಡುಗೆಗೆ ಒಲೆ ಹಚ್ಚುವ ಮುಂಚಿನ ಸಂಜೆ ಹೊತ್ತು ಒಳ್ಳೆಯದು.

ಮೂಸುವಾಗ ಮೂಗನ್ನು ಲೋಟದೊಳಗೆ ತುರುಕಬೇಡಿ. ಸ್ಪಿರಿಟ್ ಚುಚ್ಚಿ ಮೂಗು ಮರಗಟ್ಟುತ್ತದೆ. ಬಾಯಿ ಸ್ವಲ್ಪ ತೆರೆದು, ಲೋಟವನ್ನು ಗಲ್ಲದ ಹತ್ತಿರ ಹಿಡಿದು, ನಿಧಾನವಾಗಿ ಮೇಲೆ ತನ್ನಿ. ಒಂದು ಸಿಪ್ ತೆಗೆದುಕೊಂಡು ನಾಲಿಗೆ ತುಂಬ ಓಡಾಡಿಸಿ ನುಂಗಿ. ಮೊದಲ ಸಿಪ್ ಲೆಕ್ಕಕ್ಕಿಲ್ಲ, ಅದು ಬಾಯಿಗೆ ಬರೀ ಎಚ್ಚರಿಕೆ ಕೊಡಲು. ಎರಡನೆಯದರಿಂದ ರುಚಿ ಶುರು.

ಈಗ ನೀರಿನ ವಿಷಯ. "ಒಳ್ಳೆ ವಿಸ್ಕಿಗೆ ನೀರು ಹಾಕಬಾರದು, ರಾ ಕುಡಿಯಬೇಕು" ಅಂತ ಮೀಸೆ ತಿರುವುವವರು ತುಂಬಾ ಜನ ಇದ್ದಾರೆ. ವಿಸ್ಕಿ ತಯಾರಿಸುವ ಕಡೆ ಬೇರೆಬೇರೆ ವಿಸ್ಕಿ ಬೆರೆಸುವ ಬ್ಲೆಂಡರ್‌ಗಳೇ ನೀರು ಹಾಕಿ ಅದರ ಆಲ್ಕೋಹಾಲನ್ನು ಸುಮಾರು 20 ಪರ್ಸೆಂಟಿಗೆ ಇಳಿಸಿ ಮೂಸುತ್ತಾರೆ. ಸ್ವೀಡನ್ನಿನ ವಿಜ್ಞಾನಿಗಳು 2017ರಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಇದಕ್ಕೊಂದು ಕಾರಣ ಹೇಳಿದರು. ವಿಸ್ಕಿಯಲ್ಲಿ ಹೊಗೆಯ ಪರಿಮಳ ಕೊಡುವ ಗ್ವಾಯಕಾಲ್ ಅನ್ನುವ ಅಂಶವಿದೆ. ಸ್ಪಿರಿಟ್ ಜಾಸ್ತಿ ಇದ್ದರೆ ಅದು ಒಳಗೇ ಸೇರಿಕೊಂಡಿರುತ್ತದೆ, ನೀರು ಬೆರೆತರೆ ಮೇಲ್ಮೈಗೆ ಬರುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಬಾಟಲಿ ಮೇಲೆ 42.8 ಪರ್ಸೆಂಟ್ ಅಂತ ಇರುತ್ತದೆ. 15 ಎಂಎಲ್‌ಗೆ ಒಂದು ಟೀ ಚಮಚ, ಅಂದರೆ 5 ಎಂಎಲ್ ನೀರು ಹಾಕಿದರೆ ಅದು 32ಕ್ಕೆ ಇಳಿಯಿತು. ಸಮಸಮ ಹಾಕಿದರೆ 21ಕ್ಕೆ. ಬೋರ್‌ವೆಲ್‌ನ ಗಡಸು ನೀರು ಮಾತ್ರ ಬೇಡ. ಕಾದು ಆರಿದ ಕಾವೇರಿ ನೀರೋ, ಫಿಲ್ಟರ್ ನೀರೋ ಆಗಬಹುದು, ಫ್ರಿಜ್‌ನದ್ದಲ್ಲ.

ನೀರು ಹಾಕಿದ ಮೇಲೆ ವಿಸ್ಕಿ ಸ್ವಲ್ಪ ಮಬ್ಬಾಯಿತು ಅಂತ ಕಲಬೆರಕೆ ಅನುಮಾನ ಪಡಬೇಡಿ. 46 ಪರ್ಸೆಂಟಿನ ಕೆಲವು ಮಾಲ್ಟ್‌ಗಳನ್ನು, ಅಂದರೆ ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿಗಳನ್ನು, ತಂಪು ಮಾಡಿ ಸೋಸಿರುವುದಿಲ್ಲ, ಲೇಬಲ್ ಮೇಲೇ ಹಾಗೆ ಬರೆದಿರುತ್ತಾರೆ. ಅದರಲ್ಲಿರುವ ಎಣ್ಣೆಯಂಥ ಅಂಶ ನೀರಿಗೋ ಐಸ್‌ಗೋ ಮಬ್ಬಾಗುತ್ತದೆ. ಅದು ಇದ್ದರೇ ಬಾಯಿಗೆ ಮೈತುಂಬಿದ ಹಾಗಿರುತ್ತದೆ.

ಹಾಗಾಗಿ ಮೊದಲನೆಯ ಹೋಲಿಕೆಗೆ ಹೊಸ ಬಾಟಲಿ ತರಲೇಬೇಡಿ. ಮನೆಯಲ್ಲಿರುವ ಒಂದನ್ನೇ ಮೂರು ಲೋಟಕ್ಕೆ ಹಾಕಿ. ಒಂದು ಹಾಗೇ, ಒಂದಕ್ಕೆ ಚಮಚ ನೀರು, ಒಂದಕ್ಕೆ ಐಸ್. ಐಸ್ ಹಾಕಿದ್ದರಲ್ಲಿ ಪರಿಮಳ ಎಷ್ಟು ಅಡಗುತ್ತದೆ ಅನ್ನುವುದು ಆಗ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಐಸ್ ಬೇಕು ಅಂದರೆ ಹಾಕಿಕೊಳ್ಳಿ, ನಿಮ್ಮ ದುಡ್ಡು, ನಿಮ್ಮ ಬಾಯಿ. ಆದರೆ ಫ್ರೀಜರಿನ ಟ್ರೇ ತೆರೆದಿಟ್ಟರೆ ಐಸ್‌ಗೆ ಮೀನಿನದ್ದು, ಹಲಸಿನ ಹಣ್ಣಿನದ್ದು, ಎಲ್ಲ ವಾಸನೆಯೂ ಹತ್ತುತ್ತದೆ. ಮುಚ್ಚಳದ ಡಬ್ಬಿಯಲ್ಲಿಡಿ.

ಇನ್ನು ಜೋಡಿಗಳು. ನನಗೆ ತುಂಬಾ ಇಷ್ಟವಾದ ಜೋಡಿ ನಮ್ಮ ಬೆಂಗಳೂರಿನದ್ದೇ. ಮೈಸೂರು ರಸ್ತೆಯ ಕುಂಬಳಗೋಡಿನಲ್ಲಿ ತಯಾರಾಗುವ ಅಮೃತ್ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯ ಮಾಲ್ಟ್) ಒಂದು, ಅಮೃತ್ ಪೀಟೆಡ್ ಇನ್ನೊಂದು. ಮನೆ ಒಂದೇ, ಹವೆ ಒಂದೇ, ಎರಡೂ 46 ಪರ್ಸೆಂಟ್. ದೊಡ್ಡ ವ್ಯತ್ಯಾಸ ಹೊಗೆ. ಪೀಟ್ ಅಂದರೆ ಜೌಗು ನೆಲದಲ್ಲಿ ಗಿಡಗಂಟಿ ಕೊಳೆತು ಸಾವಿರಾರು ವರ್ಷ ಗಟ್ಟಿಯಾದ ಮಣ್ಣು. ಸ್ಕಾಟ್ಲೆಂಡಿನಲ್ಲಿ ಅದನ್ನು ಅಗೆದು ಒಣಗಿಸಿ ಉರಿಸುತ್ತಾರೆ. ಮೊಳಕೆ ಬಂದ ಬಾರ್ಲಿಯನ್ನು ಆ ಹೊಗೆಯಲ್ಲಿ ಒಣಗಿಸಿದರೆ ಹೊಗೆ ಕಾಳಿಗೆ ಹಿಡಿದು ವಿಸ್ಕಿವರೆಗೂ ಬರುತ್ತದೆ. ಅಮೃತ್‌ನವರು ಪೀಟೆಡ್‌ಗೆ ಅಲ್ಲಿನ ಬಾರ್ಲಿಯನ್ನೇ ತರಿಸುತ್ತಾರೆ. ಅವರದೇ ಫ್ಯೂಷನ್‌ನಲ್ಲಿ ನಮ್ಮ ದೇಶದ ಬಾರ್ಲಿ ಮತ್ತು ಹೊಗೆ ಹಿಡಿದ ಆ ಬಾರ್ಲಿ ಎರಡೂ ಸೇರಿವೆ, ಅದು 50 ಪರ್ಸೆಂಟ್. ಮೂರನ್ನೂ ಸಾಲಾಗಿ ಇಡುವ ಭಾಗ್ಯ ಸಿಕ್ಕರೆ ಬಿಡಬೇಡಿ. ಗೋವಾದ ಪಾಲ್ ಜಾನ್‌ನಲ್ಲೂ ಇಂಥದ್ದೇ ಜೋಡಿ ಇದೆ. ಬ್ರಿಲಿಯನ್ಸ್‌ಗೆ ಹೊಗೆ ಇಲ್ಲ, ಎಡಿಟೆಡ್‌ಗೆ ಸ್ವಲ್ಪ ಇದೆ.

ನಮ್ಮ ಮನೆಯವಳು ಒಂದು ತೊಟ್ಟೂ ಕುಡಿಯುವುದಿಲ್ಲ, ಮೂಗು ಮಾತ್ರ ನನಗಿಂತ ಚುರುಕು. ಒಮ್ಮೆ ಈ ಎರಡು ಲೋಟವನ್ನೂ ಅವಳ ಮುಂದೆ ಹಿಡಿದೆ. ಪ್ಲೇನ್ ಇದ್ದದ್ದಕ್ಕೆ "ಆಲೆಮನೆ, ಜೊತೆಗೆ ಸ್ವಲ್ಪ ಕಿತ್ತಳೆ ಸಿಪ್ಪೆ" ಅಂದಳು. ಪೀಟೆಡ್‌ಗೆ "ನೀರೊಲೆ ಹಂಡೆ" ಅಂದಳು. ಇನ್ನೊಂದು ದಿನ ಸ್ಕಾಟ್ಲೆಂಡಿನ ಐಲಾ ದ್ವೀಪದ ಹೊಗೆ ವಿಸ್ಕಿ ಲಫ್ರೋಯಿಗ್ ಮೂಸಿ "ಇದು ಆಸ್ಪತ್ರೆ ಕಣ್ರೀ, ಗಾಯಕ್ಕೆ ಹಚ್ಚೋ ಟಿಂಚರ್" ಅಂತ ಮುಖ ಸಿಂಡರಿಸಿದಳು. ವಿದೇಶದ ಬಲ್ಲವರೂ ಲಫ್ರೋಯಿಗ್‌ಗೆ ಅದನ್ನೇ ಹೇಳುವುದು. ಬಾಟಲಿ ಡಬ್ಬಿ ಮೇಲೆ ಬರೆದ ಹೀದರ್ ಹೂವು, ಫಡ್ಜು, ಕ್ರಿಸ್ಮಸ್ ಕೇಕು ಹುಡುಕಬೇಡಿ. ಒಣದ್ರಾಕ್ಷಿ, ಅಂಜೂರ, ಕೊಬ್ಬರಿ, ಪಚ್ಚಬಾಳೆಹಣ್ಣು, ಜೋನಿ ಬೆಲ್ಲ, ಹಳೇ ಬೀರು ತೆಗೆದಾಗಿನ ಮರದ ವಾಸನೆ, ನಿಮ್ಮ ಮೂಗಿಗೆ ಗೊತ್ತಿರುವುದನ್ನೇ ಬರೆದಿಟ್ಟುಕೊಳ್ಳಿ.

ಎರಡನೆಯ ಜೋಡಿ ಪೀಪಾಯಿಯದ್ದು, ಅಂದರೆ ವಿಸ್ಕಿಯನ್ನು ವರ್ಷಗಟ್ಟಲೆ ಇಟ್ಟು ಮಾಗಿಸುವ ಮರದ ಬ್ಯಾರೆಲ್ಲಿನದ್ದು. ಅಮೆರಿಕದ ಬರ್ಬನ್ ವಿಸ್ಕಿಯಲ್ಲಿ ಕಡಿಮೆ ಅಂದರೂ 51 ಪರ್ಸೆಂಟ್ ಜೋಳ ಇರಬೇಕು. ಜೋಳ ಅಂದರೆ ನಮ್ಮ ಮುಸುಕಿನ ಜೋಳ. ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಅಂತಲೂ ಅಲ್ಲಿನ ಕಾನೂನು. ಅದಕ್ಕೇ ಬರ್ಬನ್‌ಗೆ ವೆನಿಲ್ಲಾದ ಸಿಹಿ ಜಾಸ್ತಿ. ಒಮ್ಮೆ ಬಳಸಿದ ಪೀಪಾಯಿ ಅವರಿಗೆ ಬರ್ಬನ್‌ಗೆ ಮತ್ತೆ ಬರುವುದಿಲ್ಲವಲ್ಲ, ಅದು ಸ್ಕಾಟ್ಲೆಂಡಿಗೂ ಹೋಗುತ್ತದೆ, ನಮ್ಮ ಕುಂಬಳಗೋಡಿಗೂ ಬರುತ್ತದೆ. ಜಿಮ್ ಬೀಮ್ ಅನ್ನುವ ಬರ್ಬನ್ ಪಕ್ಕ ಐರ್ಲೆಂಡಿನ ಜೇಮ್ಸನ್ ವಿಸ್ಕಿ ಇಟ್ಟು ನೋಡಿ. ಜೇಮ್ಸನ್ ಮೂರು ಸಲ ಬಟ್ಟಿ ಇಳಿಸಿದ್ದು, ಹಗುರ. ಹೊಸದಾಗಿ ಶುರು ಮಾಡುವವರಿಗೆ ಇದೇ ಸುಲಭದ ಜೋಡಿ. ಶೆರ್ರಿ ವೈನ್ ಇದ್ದ ಪೀಪಾಯಿಯ ಮಾಲ್ಟ್ ಸಿಕ್ಕರೆ ಅದರಲ್ಲಿ ಒಣಹಣ್ಣಿನ ರುಚಿ ಎದ್ದು ಕಾಣುತ್ತದೆ. ಬಣ್ಣ ನೋಡಿ ಮಾತ್ರ ಏನೂ ತೀರ್ಮಾನ ಮಾಡಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನಿನಲ್ಲೇ ಅವಕಾಶ ಇದೆ.

"ಅವರದ್ದು 12 ವರ್ಷದ್ದು, ನಮ್ಮದ್ದರ ಮೇಲೆ ವರ್ಷವೇ ಬರೆದಿಲ್ಲ" ಅಂತ ಮೂಗು ಮುರಿಯುವವರೂ ಇದ್ದಾರೆ. ಸ್ಕಾಚ್ ಅನ್ನಿಸಿಕೊಳ್ಳಲು ಸ್ಕಾಟ್ಲೆಂಡಿನಲ್ಲೇ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಬೇಕು. ಅಲ್ಲಿನ ಚಳಿಗೆ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪರ್ಸೆಂಟ್ ಆವಿಯಾಗಿ ಹೋಗುತ್ತದೆ. ಬೆಂಗಳೂರಿನ ಬಿಸಿಲಿಗೆ ಹೋಗುವುದು 10–12 ಪರ್ಸೆಂಟ್. ಮರದ ಸಾರ ಇಳಿಯುವುದೂ ಅಷ್ಟೇ ಬೇಗ. ಇಲ್ಲಿ 12 ವರ್ಷ ಇಟ್ಟರೆ ಪೀಪಾಯಿಯಲ್ಲಿ ಹೆಚ್ಚೇನೂ ಉಳಿಯುವುದಿಲ್ಲ! ಅಮೃತ್ ಸಿಂಗಲ್ ಮಾಲ್ಟ್ 2004ರಲ್ಲಿ ಮೊದಲು ಬಿಡುಗಡೆಯಾದದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚ್ ಕುಡಿಯುವವರ ಊರಲ್ಲೇ ಹೋಗಿ ನಿಂತಿತು. ಆದ್ದರಿಂದ ಎರಡು ಸ್ಕಾಚ್ ನಡುವೆ ವರ್ಷ ನೋಡಿ. ಸ್ಕಾಚಿಗೂ ನಮ್ಮದ್ದಕ್ಕೂ ನಡುವೆ ವರ್ಷ ಎಣಿಸಬೇಡಿ.

ಕ್ವಾರ್ಟರ್‌ನಲ್ಲಿ ಬರುವ ನಮ್ಮ ಮಾಮೂಲಿ ವಿಸ್ಕಿಗಳನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ಅವುಗಳಲ್ಲಿ ಬಹಳಷ್ಟು ಕಾಕಂಬಿಯಿಂದಲೋ ಧಾನ್ಯದಿಂದಲೋ ತೆಗೆದ ರುಚಿಯಿಲ್ಲದ ಸ್ಪಿರಿಟ್‌ಗೆ ಸ್ವಲ್ಪ ಮಾಲ್ಟ್ ಬೆರೆಸಿ ಮಾಡಿದವು ಅನ್ನುವುದು ತಿಳಿದಿರಲಿ. ಒಂದು 180 ಎಂಎಲ್ ತಂದು ಮಾಲ್ಟ್ ಪಕ್ಕ 15 ಎಂಎಲ್ ಇಟ್ಟು ಮೂಸಿದರೆ ಬಾರ್ಲಿ ಏನು ಕೊಡುತ್ತದೆ ಅಂತ ಪಾಠ ಇಲ್ಲದೇ ಅರ್ಥವಾಗುತ್ತದೆ. ಸೋಡಾ, ನಿಂಬೆ ಹಿಂಡಿ ಕುಡಿಯುವವರಿಗೆ ದುಬಾರಿ ಮಾಲ್ಟ್ ದಂಡ.

ನಿಮ್ಮ ನಾಲಿಗೆಯ ಮೇಲೆ ನಿಮಗೆ ತುಂಬಾ ನಂಬಿಕೆ ಇದ್ದರೆ ಒಂದು ಆಟ ಆಡಿ. ಕುಡಿಯದ ಒಬ್ಬರ ಕೈಯಲ್ಲಿ ಮೂರು ಲೋಟಕ್ಕೆ ಹಾಕಿಸಿ. ಎರಡರಲ್ಲಿ ಒಂದೇ ವಿಸ್ಕಿ, ಒಂದರಲ್ಲಿ ಬೇರೆ. ಲೋಟದ ತಳಕ್ಕೆ ಗುರುತು ಅಂಟಿಸಲಿ. ಬೇರೆಯದ್ದು ಯಾವುದು ಅಂತ ನೀವು ಹೇಳಬೇಕು. ಬ್ಯಾಂಕಿನಿಂದ ರಿಟೈರ್ ಆದ ನಮ್ಮ ಗೆಳೆಯರೊಬ್ಬರು ಮೊದಲನೆಯ ಲೋಟ ಬೆಣ್ಣೆ ಥರ, ಎರಡನೆಯದು ಗಂಟಲು ಕೆರೆಯುತ್ತದೆ ಅಂತ ಅರ್ಧ ಗಂಟೆ ವಾದ ಮಾಡಿದರು. ತಿರುಗಿಸಿ ನೋಡಿದರೆ ಆ ಎರಡೂ ಒಂದೇ ಬಾಟಲಿಯದ್ದು! ಅಂದಿನಿಂದ ಅವರು ಈ ಆಟಕ್ಕೆ ಕರೆದರೆ ವಾಕಿಂಗ್ ನೆಪ ಹೇಳುತ್ತಾರೆ.

ತಿನ್ನಲು ಏನು ಅಂತ ಕೇಳಿದರೆ, ಹೋಲಿಸುವಾಗ ಏನೂ ಬೇಡ ಅನ್ನುತ್ತೇನೆ. ಕಾಂಗ್ರೆಸ್ ಕಡಲೆಕಾಯಿ ನನಗೂ ಪ್ರಾಣ, ಆದರೆ ಅದರ ಕಾರ, ಇಂಗು ಬಾಯಿಗೆ ಬಿತ್ತೋ, ಮುಂದಿನ ಲೋಟ ಬರೀ ನೀರು. ನಡುನಡುವೆ ನೀರು ಕುಡಿಯಿರಿ, ಬೇಕಾದರೆ ಒಂದು ಚೂರು ಸಪ್ಪೆ ಬ್ರೆಡ್ಡು. ಹಾಗಂತ ಹಸಿದ ಹೊಟ್ಟೆಯಲ್ಲಿ ಕೂರಬೇಡಿ, ಎರಡು ಗಂಟೆ ಮುಂಚೆ ಏನಾದರೂ ತಿಂದಿರಿ. ಶುಗರ್‌ಗೆ ಇನ್ಸುಲಿನ್ನೋ ಮಾತ್ರೆಯೋ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಶುಗರ್ ಪಾತಾಳಕ್ಕೆ ಇಳಿಯಬಹುದು. ನಮ್ಮ ವಯಸ್ಸಿನವರು ಡಾಕ್ಟರನ್ನು ಕೇಳದೆ ಲೋಟ ಮುಟ್ಟಬೇಡಿ. ಸ್ಕೂಟರಿನಲ್ಲಿ ಬಂದ ಸ್ನೇಹಿತರನ್ನು ಆಟೋದಲ್ಲಿ ಕಳಿಸಿ. ಲೋಟ ಇಡುವ ಸಾಲಿನಲ್ಲಿ ಹಗುರದ್ದು ಮೊದಲು, ಹೊಗೆಯದ್ದು ಕೊನೆಗೆ. ಹೊಗೆಯದ್ದರ ಮೇಲೆ ಬೇರೆ ಯಾವುದೂ ನಿಲ್ಲುವುದಿಲ್ಲ.

ಮಕ್ಕಳು ವಿದೇಶದಿಂದ ಬರುವಾಗ ಒಬ್ಬರಿಗೆ 2 ಲೀಟರ್‌ವರೆಗೆ ಸುಂಕವಿಲ್ಲದೆ ತರಬಹುದು. ಒಂದೇ ಹೆಸರಿನ ಎರಡು ದೊಡ್ಡ ಬಾಟಲಿ ತರಿಸುವ ಬದಲು ಬೇರೆಬೇರೆ ತರಿಸಿ. ಇಲ್ಲೇ ಕೊಳ್ಳುವುದಾದರೆ ನಾಲ್ಕು ಜನ ಸ್ನೇಹಿತರು ಒಬ್ಬೊಬ್ಬರು ಒಂದೊಂದು ತಂದು, ಸಣ್ಣ ಗಾಜಿನ ಸೀಸೆಯಲ್ಲಿ 60 ಎಂಎಲ್‌ನಂತೆ ಹಂಚಿಕೊಂಡರೆ ಒಂದರ ಖರ್ಚಿನಲ್ಲಿ ನಾಲ್ಕರ ರುಚಿ. ಬಾಟಲಿಯನ್ನು ವೈನ್ ಥರ ಮಲಗಿಸಿಡಬೇಡಿ, ಸ್ಪಿರಿಟ್ ತಾಗಿ ಬಿರಡೆ ಹಾಳಾಗುತ್ತದೆ. ಶೋಕೇಸಿನ ಬಿಸಿಲಿಗೂ ಇಡಬೇಡಿ. ಮೂರನೇ ಒಂದು ಭಾಗಕ್ಕಿಂತ ಕೆಳಗೆ ಇಳಿದ ಬಾಟಲಿಯಲ್ಲಿ ಗಾಳಿಯೇ ಜಾಸ್ತಿ, ಕೆಲವು ತಿಂಗಳಲ್ಲಿ ಪರಿಮಳ ಪೇಲವ ಆಗುತ್ತದೆ. ಅಷ್ಟರೊಳಗೆ ಮುಗಿಸಿ, ಇಲ್ಲವೇ ಕತ್ತಿನವರೆಗೆ ತುಂಬುವ ಚಿಕ್ಕ ಬಾಟಲಿಗೆ ಬಗ್ಗಿಸಿ. ಮೇಲೆ ಹೆಸರು, ತಾರೀಖು ಬರೆದು ಅಂಟಿಸಿ, ಬೀಗ ಇರುವ ಕಪಾಟಿನಲ್ಲಿಡಿ. ಜೇನುತುಪ್ಪದ ಬಣ್ಣ ನೋಡಿ ಮೊಮ್ಮಕ್ಕಳು ಕೈ ಹಾಕುತ್ತಾರೆ.