1/60ರಲ್ಲಿ ಸ್ಪಿಟ್‌ಫೈರ್: ಪ್ರೊಪೆಲ್ಲರ್ ಪೂರ್ತಿ ಚಕ್ರವಾಗಿ ಬಂದದ್ದು

ಹಾರುತ್ತಿರುವ ಸ್ಪಿಟ್‌ಫೈರನ್ನು, ಅಂದರೆ ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನವನ್ನು, 1/60 ಸೆಕೆಂಡಿನ ಶಟರ್ ವೇಗದಲ್ಲಿ, ಅದೂ ಟ್ರೈಪಾಡ್ ಇಲ್ಲದೆ, ಚೂಪಾಗಿ ತೆಗೆಯಬಹುದು ಅಂದಾಗ ನಮ್ಮ ಫೋಟೊ ಗುಂಪಿನಲ್ಲಿ ಯಾರೂ ನಂಬಲಿಲ್ಲ. "1/250 ಸಾಕು ಮಾರಾಯ, ಅದಕ್ಕಿಂತ ಕೆಳಗಿಳಿದರೆ ಕಾರ್ಡ್ ತುಂಬಾ ಕಸವೇ" ಅನ್ನುವುದು ಎಲ್ಲರ ಮಾತು. ಈಗ ಅವರೇ ಸೆಟ್ಟಿಂಗ್ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ನನಗೆ ಬೇಕಾದದ್ದು ವಿಮಾನ ಚೂಪಾಗಿ, ಪ್ರೊಪೆಲ್ಲರ್ ಮಾತ್ರ ಮಸುಕಾದ ಪೂರ್ತಿ ಚಕ್ರವಾಗಿ. 1/250 ಅದಕ್ಕೆ ಒಗ್ಗದ್ದಕ್ಕೆ ಕಾರಣ ಸರಳ ಲೆಕ್ಕ. ಸ್ಪಿಟ್‌ಫೈರಿನ ಮರ್ಲಿನ್ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ನಡುವೆ ಗೇರ್ ಇರುವುದರಿಂದ ಪ್ರೊಪೆಲ್ಲರ್ ತಿರುಗುವುದು ಅರ್ಧಕ್ಕಿಂತ ತುಸು ಕಡಿಮೆ, ಸೆಕೆಂಡಿಗೆ ಸುಮಾರು 19 ಸುತ್ತು. 1/1000ದಲ್ಲಿ ಬ್ಲೇಡ್ ಸರಿಯುವುದು ಬರೀ ಏಳು ಡಿಗ್ರಿ. ವಿಮಾನ ದಾರಕ್ಕೆ ನೇತುಹಾಕಿದ ಆಟಿಕೆಯ ಹಾಗೆ ಕಾಣುತ್ತದೆ. 1/250ರಲ್ಲಿ 27 ಡಿಗ್ರಿ, ಅದೂ ಅರೆಬರೆ. ಮೂರು ಬ್ಲೇಡಿನ ಸ್ಪಿಟ್‌ಫೈರಿಗೆ ಪೂರ್ತಿ ಚಕ್ರ ಬೇಕೆಂದರೆ ಒಂದೊಂದು ಬ್ಲೇಡೂ 120 ಡಿಗ್ರಿ ಸರಿಯಬೇಕು. ಅಲ್ಲಿಗೆ 1/60ಕ್ಕೆ ಇಳಿಯದೆ ಗತ್ಯಂತರವಿಲ್ಲ. ಹಳೆಯ ತರಬೇತಿ ವಿಮಾನ ಟೈಗರ್ ಮಾತ್‌ಗೆ ಗೇರ್ ಇಲ್ಲ, ಪ್ರೊಪೆಲ್ಲರ್ ಇನ್ನೂ ಜೋರು, ಆದರೆ ಬ್ಲೇಡ್ ಎರಡೇ. ಹಾಗಾಗಿ ಅದೂ ಹೆಚ್ಚುಕಮ್ಮಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಶುರುವಿನಲ್ಲಿ ಒದ್ದಾಡಿದ್ದೆಲ್ಲ ಇಂಗ್ಲೆಂಡಿನ ಡಕ್ಸ್‌ಫರ್ಡ್ ಏರ್‌ಫೀಲ್ಡ್‌ನ ಪ್ರದರ್ಶನಗಳಲ್ಲಿ. ಅಲ್ಲಿ ನಾವು ನಿಲ್ಲುವುದು ರನ್‌ವೇಯ ಉತ್ತರಕ್ಕೆ, ದಿನದ ಬಹುಪಾಲು ಸೂರ್ಯ ಎದುರಿಗೇ. ಅದಾದರೂ ಸಹಿಸಬಹುದು. ನೇರವಾಗಿ ಎದುರು ಹಾದುಹೋಗುವ ಪಾಸ್‌ನಲ್ಲಿ ಮೂತಿ ಚೂಪಾಗಿ ಬಂದರೆ ಬಾಲ ಕಲಸಿಹೋಗುತ್ತಿತ್ತು, ಬಾಲ ಸರಿಯಾದರೆ ಮೂತಿ ಹೋಗುತ್ತಿತ್ತು. ನೂರು ತೆಗೆದರೆ ಒಂದೋ ಎರಡೋ ದಕ್ಕುತ್ತಿದ್ದವು. ಲೆನ್ಸಿನ ದೋಷವಿರಬೇಕು ಅಂತ ಸುಮಾರು 800 ಪೌಂಡ್ ಸುರಿದು 150-600 ಮಿ.ಮೀ. ಜೂಮ್ ಲೆನ್ಸ್ ತಂದೆ. ಮಧ್ಯಾಹ್ನ ನೆಲದಿಂದೇಳುವ ಬಿಸಿಗಾಳಿಯಲ್ಲಿ 600 ಮಿ.ಮೀ. ಎಂಬುದು ನಡುಗುವ ನೀರಿನೊಳಗಿಂದ ನೋಡಿದಂತೆ ಬರುವುದನ್ನು ಯಾವ ಲೆನ್ಸೂ ತಪ್ಪಿಸಲಾರದು. ಮಾರಿದಾಗ ಕೈಗೆ ಬಂದದ್ದು ಐನೂರೈವತ್ತೋ ಏನೋ. ಹಳೆಯ 100-400ಕ್ಕೇ ವಾಪಸ್.

ಬಾಲದ ಗುಟ್ಟು ಬಿಟ್ಟುಕೊಟ್ಟದ್ದು ಬೆಡ್‌ಫರ್ಡ್‌ಶೈರ್‌ನ ಓಲ್ಡ್ ವಾರ್ಡನ್, ಹಳೆಯ ವಿಮಾನಗಳ ಶಟಲ್‌ವರ್ತ್ ಸಂಗ್ರಹದ ಹುಲ್ಲಿನ ಏರ್‌ಫೀಲ್ಡ್. ಅಲ್ಲಿ ಪ್ರದರ್ಶನದ ಹಾದಿಗೆ ಒಂದು ತಿರುವಿದೆ. ವಿಮಾನ ರೆಕ್ಕೆ ಓರೆ ಮಾಡಿಕೊಂಡು ನಮ್ಮ ಸುತ್ತ ಬಾಗಿ ಬರುತ್ತದೆ. ನೇರ ಪಾಸ್‌ನಲ್ಲಿ ವಿಮಾನ ಕ್ಷಣಕ್ಷಣಕ್ಕೂ ನಮಗೆ ತೋರುವ ಮಗ್ಗುಲು ಬದಲಿಸುತ್ತದೆ, ಅದಕ್ಕೇ ಮೂತಿಯೂ ಬಾಲವೂ ಫ್ರೇಮಿನಲ್ಲಿ ಬೇರೆ ಬೇರೆ ವೇಗದಲ್ಲಿ ಸರಿಯುವುದು. ನಿಮ್ಮನ್ನೇ ನಡುವಿಟ್ಟುಕೊಂಡು ಬಾಗಿದರೆ ಆ ಮಗ್ಗುಲು ಹಾಗೇ ಉಳಿಯುತ್ತದೆ, ಪ್ಯಾನಿಂಗ್, ಅಂದರೆ ವಿಮಾನದ ಜೊತೆ ಕ್ಯಾಮೆರಾ ತಿರುಗಿಸುವ ವೇಗವೂ ಸಮನಾಗಿರುತ್ತದೆ. ಬೇಲಿಯುದ್ದಕ್ಕೂ ಇದು ಒಂದೇ ತರಹ ಸಿಗುವುದಿಲ್ಲ. ಸರಿಯಾದ ಜಾಗ ಯಾವುದು ಅಂತ ಕೇಳಬೇಡಿ. ಬೆಳಿಗ್ಗೆ ಬೇಗ ಹೋಗಿ ಹಿಡಿಯಬೇಕಾದ ಜಾಗ ಅದು, ಈಗಲೇ ಇಕ್ಕಟ್ಟು.

ನಿಲ್ಲುವ ರೀತಿ: ಪಾದ ವಿಮಾನ ಬರುವ ಕಡೆಗಲ್ಲ, ಶಟರ್ ಒತ್ತಬೇಕಾದ ಕಡೆಗೆ. ಸೊಂಟ ಮೊದಲೇ ತಿರುಚಿಕೊಂಡು ಕಾದರೆ, ಅದು ಬಿಚ್ಚಿಕೊಳ್ಳುವ ಹೊತ್ತಿಗೆ ಕೈ ನಿರಾಳ. ಮಾನೋಪಾಡ್, ಲೆನ್ಸಿಗೆ ಮರಳಿನ ಚೀಲ ಎಲ್ಲ ಕಟ್ಟಿ ನೋಡಿಯಾಯಿತು, ತೂಕವೇ ಬಂತು. ಕೈನಡುಕ ತಡೆಯುವ ಸ್ಟೆಬಿಲೈಸರ್ ಪ್ಯಾನಿಂಗ್ ಮೋಡ್‌ನಲ್ಲಿರಲಿ ಅನ್ನುತ್ತಾರೆ. ವಿಮಾನ ಓರೆಯಾಗಿ ಇಳಿಯುವಾಗ ನನ್ನ ಲೆನ್ಸಿನಲ್ಲಿ ಅದು ಕೈಕೊಡುತ್ತದೆ. ಬದಲಿಗೆ ನಾನು ಏನು ಮಾಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಬಿಸಿಲಿನಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸಂವೇದನೆ) 100 ಇಟ್ಟರೂ 1/60ಕ್ಕೆ ಅಪರ್ಚರ್, ಅಂದರೆ ಲೆನ್ಸಿನ ಕಿಂಡಿ, ಕಿರಿದಾಗಿ ಎಫ್/20ಕ್ಕೆ ಹೋಗುತ್ತದೆ, ಸೆನ್ಸರಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕೆಯಾಗಿ ಕೂರುತ್ತದೆ. ಬೆಳಕನ್ನು ಎಂಟನೇ ಒಂದಕ್ಕೆ ಇಳಿಸುವ ಮೂರು ಸ್ಟಾಪ್‌ನ ಎನ್‌ಡಿ ಫಿಲ್ಟರ್ ಹಾಕಿದರೆ ಎಫ್/7ರ ಆಸುಪಾಸು ಬರುತ್ತದೆ. ಮೊದಲು ಕೊಂಡ ಅಗ್ಗದ್ದು ಎಲ್ಲಕ್ಕೂ ನೇರಳೆ ಬಳಿಯಿತು. ಎರಡನೆಯದು 60-70 ಪೌಂಡಿನದು, ಇವತ್ತಿಗೂ ಅದೇ. ಮಿರರ್‌ಲೆಸ್ ಇರುವವರು ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರನ್ನು ಮೊದಲು ಆಫ್ ಮಾಡಿ. ಸೆನ್ಸರ್ ಸಾಲುಸಾಲಾಗಿ ಓದುವಷ್ಟರಲ್ಲಿ ಬ್ಲೇಡ್ ಸರಿದಿರುತ್ತದೆ, ಹೆಚ್ಚಿನ ಕ್ಯಾಮೆರಾಗಳಲ್ಲಿ ಪ್ರೊಪೆಲ್ಲರ್ ಸೊಟ್ಟಗೆ ಬಾಗಿ ಬರುತ್ತದೆ. ಫೋನಿನಲ್ಲಿ ಬೇಕೆಂದೇ ಹಾಗೆ ತೆಗೆದು ಒಂದು ಆಲ್ಬಮ್ಮೇ ಮಾಡಿದ್ದೇನೆ, ಮಕ್ಕಳಿಗೆ ಬಲು ಇಷ್ಟ.

ಈಗ ಲೆಕ್ಕ ಹೀಗಿದೆ: ಆ ತಿರುವಿನಲ್ಲಿ 1/80 ಇಟ್ಟರೆ ಐದಾರಕ್ಕೊಂದು, 1/60ರಲ್ಲಿ ಹತ್ತು ಹನ್ನೆರಡಕ್ಕೊಂದು ಸಿಗುತ್ತದೆ. ಒಂದು ಪ್ರದರ್ಶನಕ್ಕೆ ಟಿಕೆಟ್ಟು, ಪೆಟ್ರೋಲು ಸೇರಿ ಅಂದಾಜು 60 ಪೌಂಡ್ ಖರ್ಚು. ಗೋಡೆಗೆ ಹಾಕುವಂಥ ಮೂರೋ ನಾಲ್ಕೋ ಬಂದರೆ ನನಗೆ ಲಾಭವೇ.

ಸದ್ಯ ಬೆನ್ನು ಹತ್ತಿರುವುದು ಮೊದಲ ಮಹಾಯುದ್ಧದ ಕಾಲದ ವಿಮಾನ ಆವ್ರೋ 504ಕೆ. ಅದರ ರೋಟರಿ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಅಲುಗುವುದಿಲ್ಲ, ಸಿಲಿಂಡರುಗಳೇ ಪ್ರೊಪೆಲ್ಲರ್ ಜೊತೆ ಗಿರಗಿರ ತಿರುಗುತ್ತವೆ. ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು ಅಂತ ಅದಕ್ಕೆ ಹರಳೆಣ್ಣೆ ಹಾಕುತ್ತಾರೆ, ಸುಟ್ಟ ವಾಸನೆ ಬೇಲಿಯವರೆಗೂ ಬರುತ್ತದೆ. ಇಳಿಯುವಾಗ ಪೈಲಟ್ ಇಗ್ನಿಷನ್ ಕಡಿದು ಕಡಿದು ಬಿಡುತ್ತಾನೆ, ಸದ್ದು ಕೆಮ್ಮಿದಂತೆ. ನಿಮಿಷಕ್ಕೆ 1200 ಸುತ್ತು, ಎರಡು ಬ್ಲೇಡ್, ಅಂದರೆ ಚಕ್ರಕ್ಕೆ 1/40. ಇನ್ನೂ ಒಂದೂ ಮನಸ್ಸಿಗೆ ಒಪ್ಪಿಲ್ಲ.

1909ರ ಬ್ಲೇರಿಯೋ ವಿಮಾನ ಬೇಕಾದವರು ಓಲ್ಡ್ ವಾರ್ಡನ್‌ನ ಸಂಜೆಯ ಪ್ರದರ್ಶನಕ್ಕೇ ಹೋಗಿ. ಗಾಳಿ ಪೂರ್ತಿ ನಿಂತರೆ ಮಾತ್ರ, ಕೊನೆಯಲ್ಲಿ, ಹುಲ್ಲಿನ ಮೇಲೆ ಒಂದು ಸಣ್ಣ ನೆಗೆತ. ಬೆಳಕು ಆಗಲೇ ಇಳಿದಿರುವುದರಿಂದ ಅಕ್ಕಪಕ್ಕದವರೆಲ್ಲ ಐಎಸ್‌ಒ ಏರಿಸುತ್ತಿರುತ್ತಾರೆ. ನಾನು ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿಕೊಳ್ಳುತ್ತೇನೆ, ಅಷ್ಟೇ.